ಕೋಳಿ ಹಿತ್ತಲಿಗೆ ಬಾತು ತರುವ ಮುಂಚೆ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಮನೆ ಹಿಂದೆ 10 ಗುಂಟೆ ಜಾಗ, ಅದರ ಕೆಳಗೆ ಅಡಿಕೆ ತೋಟ. 12 ನಾಟಿ ಹೇಂಟೆ, ಒಂದು ಹುಂಜ ಇವೆ. ಈಗ 6 ಬಾತುಕೋಳಿ ತರುವ ಆಸೆ. ಕೋಳಿ ಗೂಡಿನಲ್ಲೇ ಬಿಡಬಹುದೇ? ಕೋಳಿ ತಿನ್ನುವುದನ್ನೇ ಹಾಕಿದರೆ ಸಾಕೇ? ಹತ್ತಿರ ಕೆರೆ ಇಲ್ಲ, ಈಜಲು ಹೊಂಡ ತೋಡಲೇಬೇಕೇ? ಬಾತು ಬಂದರೆ ಕೋಳಿಗೆ ರೋಗ ಗ್ಯಾರಂಟಿ ಎಂದು ನೆಂಟರು ಹೆದರಿಸುತ್ತಿದ್ದಾರೆ.

ಉತ್ತರ: ಒಂದೇ ಹಿತ್ತಲಲ್ಲಿ ಎರಡನ್ನೂ ಸಾಕಬಹುದು. ಆದರೆ ಒಂದೇ ಗೂಡಿನಲ್ಲಿ ಬೇಡ. ಹಗಲು ಒಟ್ಟಿಗೆ ಮೇಯಲಿ, ರಾತ್ರಿ ಬೇರೆ ಬೇರೆ ಮಲಗಲಿ, ನೀರಿನ ಪಾತ್ರೆ ಬೇರೆ ಇರಲಿ. ಈ ಮೂರನ್ನು ಪಾಲಿಸಿದರೆ ನಿಮ್ಮ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ನಿಮ್ಮ ನೆಂಟರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಬಾತು ತಂದ ಮೊದಲ ಮಳೆಗಾಲದಲ್ಲಿ ಕೋಳಿಮರಿಗಳು ರಕ್ತ ಬೇಧಿಯಾಗಿ ಸಾಯುವುದನ್ನು ಮಲೆನಾಡಿನಲ್ಲಿ ಬಹಳ ಮಂದಿ ನೋಡಿರುತ್ತಾರೆ. ಬಾತೇ ರೋಗ ತಂತು ಎಂದು ಅನ್ನಿಸುವುದು ಸಹಜ. ಆದರೆ ಆ ಬೇಧಿಗೆ ಸಾಮಾನ್ಯವಾಗಿ ಕಾರಣ ಕಾಕ್ಸಿಡಿಯಾ ಎಂಬ ಪರೋಪಜೀವಿ. ಕೋಳಿಯ ಕಾಕ್ಸಿಡಿಯಾ ಬೇರೆ, ಬಾತಿನದು ಬೇರೆ. ಒಂದರದು ಇನ್ನೊಂದಕ್ಕೆ ತಗಲುವುದಿಲ್ಲ. ಹಾಗಾದರೆ ಏನಾಯಿತು? ಆ ಪರೋಪಜೀವಿಯ ತತ್ತಿ ಹೆಚ್ಚುಕಡಿಮೆ ಎಲ್ಲ ಕೋಳಿ ಗೂಡಿನಲ್ಲೂ ಹಿಕ್ಕೆಯ ಜೊತೆ ಬಿದ್ದಿರುತ್ತದೆ. ಬಿದ್ದ ತಕ್ಷಣ ಅದಕ್ಕೆ ರೋಗ ತರುವ ಶಕ್ತಿ ಇರುವುದಿಲ್ಲ. ಬೆಚ್ಚಗಿನ ಜಾಗ, ಗಾಳಿ, ತೇವ ಮೂರೂ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಒಣಗಿದ ನೆಲದಲ್ಲಿ ಬಹಳಷ್ಟು ತತ್ತಿ ಬಲಿಯದೆಯೇ ಹಾಳಾಗುತ್ತದೆ. ಬಾತು ಆ ಗೂಡಿಗೆ ತಂದದ್ದು ರೋಗವಲ್ಲ, ತೇವ.

ಬಾತಿನ ಜೀವನವೇ ನೀರು. ಪ್ರತಿ ತುತ್ತಿಗೂ ಒಮ್ಮೆ ನೀರಿನ ಪಾತ್ರೆಗೆ ಓಡುತ್ತದೆ. ಕೊಕ್ಕಿನಲ್ಲಿದ್ದ ಆಹಾರವನ್ನು ನೀರಿನಲ್ಲಿ ಕಲಸುತ್ತದೆ. ತಲೆ ಅದ್ದಿ ಎತ್ತಿ ಮೈಮೇಲೆ ಚೆಲ್ಲಿಕೊಳ್ಳುತ್ತದೆ. ಅದರ ಹಿಕ್ಕೆಯೂ ಬಹುಪಾಲು ನೀರೇ. 6 ಬಾತು ಒಂದು ರಾತ್ರಿ ಕೋಳಿ ಗೂಡಿನಲ್ಲಿ ಮಲಗಿದರೆ ಬೆಳಿಗ್ಗೆ ಹೊಟ್ಟು ಹಿಂಡುವಂತಿರುತ್ತದೆ. ಶಿರಸಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೂ ಒಣಗುವ ಮಾತಿಲ್ಲ. ಒದ್ದೆ ಹಿಕ್ಕೆಯಿಂದ ಅಮೋನಿಯ ಏಳುತ್ತದೆ. ಅದು ಕೋಳಿಯ ಕಣ್ಣನ್ನೂ ಉಸಿರಾಟದ ನಾಳವನ್ನೂ ಸುಡುತ್ತದೆ. ಆಮೇಲೆ ನೆಗಡಿ, ಗೊರಗೊರ ಸದ್ದು, ಮುಖ ಊದುವುದು ಎಲ್ಲ ಶುರು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಘಾಟು ಹೊಡೆದರೆ, ಹಕ್ಕಿಗಳು ಇಡೀ ರಾತ್ರಿ ಅದನ್ನೇ ಉಸಿರಾಡಿವೆ ಎಂದು ತಿಳಿಯಿರಿ.

ಅದಕ್ಕೇ ಮೊದಲು ನೀರು ಎಲ್ಲಿ ಬೀಳುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ಯೋಚಿಸಿ. ನಿಮ್ಮ ಜಾಗ ತೋಟದ ಕಡೆ ಇಳಿಜಾರಾಗಿದೆ ಎಂದುಕೊಂಡಿದ್ದೇನೆ. ಕೋಳಿ ಗೂಡು ಮೇಲ್ಗಡೆ, ಬಾತಿನ ಗೂಡು ಕೆಳಗಡೆ ಇರಲಿ. ಬಾತಿನ ನೀರಿನ ತೊಟ್ಟಿ ಅದಕ್ಕಿಂತ ಇನ್ನೂ ಕೆಳಗೆ, ತೋಟದ ಅಂಚಿನಲ್ಲಿರಲಿ. ತೊಟ್ಟಿ ಇಡುವ ಜಾಗದಲ್ಲಿ ಒಂದಡಿ ಆಳಕ್ಕೆ ಮಣ್ಣು ತೆಗೆದು ಜಲ್ಲಿ ತುಂಬಿಸಿ, ಮೇಲೆ ಬಿದಿರಿನ ತಡಿಕೆ ಹಾಸಿ. ಚೆಲ್ಲಿದ ನೀರು ಕೆಳಗಿಳಿದು ಹೋಗುತ್ತದೆ, ಕೆಸರಾಗುವುದಿಲ್ಲ. ದಿನಾ ತೊಟ್ಟಿ ಬರಿದು ಮಾಡುವಾಗ ಆ ನೀರನ್ನು ಬಾಳೆಗೋ ಅಡಿಕೆಗೋ ಬಿಡಿ. ಗೊಬ್ಬರದ ನೀರು ಅದು, ವ್ಯರ್ಥ ಮಾಡಬಾರದು. ಆದರೆ ದಿನಾ ಒಂದೇ ಮರದ ಬುಡಕ್ಕೆ ಸುರಿಯಬೇಡಿ, ಬುಡ ಕೊಳೆಯುತ್ತದೆ.

ಹೊಂಡ ತೋಡಲೇಬೇಕು ಎಂದೇನಿಲ್ಲ. ಈಜದೆಯೂ ಬಾತು ಚೆನ್ನಾಗಿ ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಅದಕ್ಕೆ ನಿಜಕ್ಕೂ ಬೇಕಾದದ್ದು ತಲೆ ಪೂರ್ತಿ ಮುಳುಗುವಷ್ಟು ನೀರು, ಅಂದರೆ 12ರಿಂದ 15 ಸೆಂ.ಮೀ. ಆಳ. ಮೂಗಿನ ತೂತು ಮತ್ತು ಕಣ್ಣನ್ನು ಅದು ತೊಳೆದುಕೊಳ್ಳುವುದೇ ಹಾಗೆ. ಕೋಳಿಯ ಸಣ್ಣ ತಟ್ಟೆಯಲ್ಲಿ ನೀರು ಕೊಟ್ಟರೆ ಮೂಗಿಗೆ ಆಹಾರ ಮೆತ್ತಿಕೊಳ್ಳುತ್ತದೆ, ಕಣ್ಣಿಗೆ ಪಿಸರು ಕಟ್ಟುತ್ತದೆ. ವಾರಕ್ಕೆರಡು ಸಲ ದೊಡ್ಡ ಟಬ್ಬಿನಲ್ಲಿ ಮೀಯಲು ಬಿಟ್ಟರೆ ಗರಿ ಚೊಕ್ಕವಾಗಿರುತ್ತದೆ, ನೋಡಲೂ ಖುಷಿ. ನೀರು ಬದಲಾಯಿಸದ ಹೊಂಡಕ್ಕಿಂತ ದಿನಾ ತೊಳೆಯುವ ಟಬ್ಬೇ ನೂರು ಪಾಲು ಮೇಲು. ನಿಂತು ಕೊಳೆತ ನೀರಿನಲ್ಲಿ ಇಲಿಯೋ ಕಪ್ಪೆಯೋ ಸತ್ತು ಬಿದ್ದರೆ ಬೊಟುಲಿಸಂ ವಿಷ ಹುಟ್ಟಬಹುದು. ಆಗ ಬಾತಿನ ಕತ್ತು ಜೋತುಬೀಳುತ್ತದೆ, ಕಾಲಿನ ಬಲ ಹೋಗುತ್ತದೆ. ಬಹಳ ಸಲ ಉಳಿಸಿಕೊಳ್ಳಲು ಆಗುವುದಿಲ್ಲ.

ಕೋಳಿಗೆ ಕುಡಿಯುವ ನೀರು ಬಾತಿಗೆ ಎಟುಕದ ಕಡೆ ಇಡಿ. ಸುಲಭದ ದಾರಿ ಎಂದರೆ ಒಂದೂವರೆ ಅಡಿ ಎತ್ತರದ ಕಟ್ಟೆ. ಕೋಳಿ ಹಾರಿ ಹತ್ತುತ್ತದೆ, ಬಾತು ಹತ್ತುವುದಿಲ್ಲ. ಬಾತಿನ ತೊಟ್ಟಿಯೊಳಗೆ ಒಂದು ದೊಡ್ಡ ಕಲ್ಲನ್ನೂ ಇಟ್ಟಿರಿ. ಕೋಳಿ ಆಯತಪ್ಪಿ ಬಿದ್ದರೆ ಹತ್ತಿ ಬರಲಿಕ್ಕೆ ಬೇಕು. ಕೋಳಿಮರಿಗಳಿದ್ದಾಗಲಂತೂ ತೊಟ್ಟಿಯ ಸುತ್ತ ಬಲೆ ಕಟ್ಟಲೇಬೇಕು.

ಇನ್ನು ಗೂಡು. ಕೋಳಿ ಕೋಲಿನ ಮೇಲೆ ಕೂತು ಮಲಗುತ್ತದೆ, ಬಾತು ನೆಲದ ಮೇಲೆ. ಒಂದೇ ಗೂಡಾದರೆ ರಾತ್ರಿಯಿಡೀ ಕೋಳಿಯ ಹಿಕ್ಕೆ ಬಾತಿನ ಬೆನ್ನ ಮೇಲೆ. ಬಾತಿಗೆ ತಲಾ 3ರಿಂದ 4 ಚದರಡಿ ಜಾಗ ಬೇಕು. ನಿಮ್ಮ 6 ಬಾತಿಗೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಲುತ್ತದೆ. ಮೂರಡಿ ಎತ್ತರ ಇದ್ದರೆ ಧಾರಾಳ. ನೆಲಕ್ಕೆ ಭತ್ತದ ಹೊಟ್ಟು ಅಥವಾ ಒಣ ಅಡಿಕೆ ಸಿಪ್ಪೆ ದಪ್ಪಗೆ ಹಾಸಿ. ಬಾಗಿಲು ಅಗಲವಾಗಿರಲಿ. ಬಾತುಗಳು ಸಾಲಾಗಿ ಹೋಗುವುದಿಲ್ಲ, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ, ಇಕ್ಕಟ್ಟಾದರೆ ಕಾಲು ಮುರಿದುಕೊಳ್ಳುತ್ತವೆ. ಏಣಿ ಹತ್ತಿ ಹೋಗುವ ಗೂಡು ಬೇಡ. ರಾತ್ರಿ ಗೂಡಿನೊಳಗೆ ಆಹಾರವನ್ನೂ ಇಡಬೇಡಿ, ನೀರನ್ನೂ ಇಡಬೇಡಿ. ಬೆಳೆದ ಬಾತಿಗೆ ಇದರಿಂದ ತೊಂದರೆಯಿಲ್ಲ. ಆಹಾರ ಇಟ್ಟು ನೀರು ಇಡದಿರುವುದು ಮಾತ್ರ ಅಪಾಯ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಬೆಳಿಗ್ಗೆ ಕೋಳಿಗಳನ್ನು ಬೇಗ ಬಿಟ್ಟರೂ ಬಾತುಗಳನ್ನು 9 ಗಂಟೆವರೆಗೆ ಒಳಗೇ ಇರಿಸಿ. ಕೋಳಿ ಹಗಲು ಹೊತ್ತಿನಲ್ಲಿ ಯಾವಾಗ ಬೇಕಾದರೂ ಮೊಟ್ಟೆ ಇಡುತ್ತದೆ. ಬಾತಿನ ಮೊಟ್ಟೆಯ ಕೆಲಸ ಹೆಚ್ಚುಕಡಿಮೆ ಬೆಳಗಿನ ಜಾವದಿಂದ 9ರೊಳಗೆ ಮುಗಿದಿರುತ್ತದೆ. ಮುಂಚೆ ಬಿಟ್ಟರೆ ತೋಟದ ಸೊಪ್ಪಿನಲ್ಲಿ, ಕೆಲವು ಸಲ ನೀರಿನೊಳಗೇ ಇಟ್ಟುಬಿಡುತ್ತವೆ. ಬೆಳಕು ಬರುವ ಮುಂಚೆ ಬಿಡದಿರಲು ಇನ್ನೊಂದು ಕಾರಣವೂ ಇದೆ. ಕಾಡುಬೆಕ್ಕು, ಮುಂಗುಸಿ, ಬೀದಿನಾಯಿ ಯಾವುದರಿಂದಲೂ ಬಾತು ತಪ್ಪಿಸಿಕೊಳ್ಳಲಾರದು. ಖಾಕಿ ಕ್ಯಾಂಪ್‌ಬೆಲ್, ಪೆಕಿನ್ ತಳಿಗಳು ಹಾರುವುದಿಲ್ಲ. ಕೋಳಿಯಾದರೆ ಮರವನ್ನಾದರೂ ಹತ್ತುತ್ತದೆ. ಕಿಟಕಿಗೆ ಹಾಕುವ ಜಾಲರಿ ಬೆರಳು ತೂರದಷ್ಟು ಸಣ್ಣದಿರಲಿ, ಹಾವು ಮುಂಗುಸಿ ಎರಡಕ್ಕೂ ತಡೆ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ವಿಷಯ ಇದೆ: ಗಂಡು ಬಾತು. ಇದನ್ನು ಬಹಳ ಮಂದಿ ಮುಜುಗರದಿಂದ ಹೇಳದೆ ಬಿಡುತ್ತಾರೆ, ಹೇಂಟೆಗಳು ಸಾಯುತ್ತವೆ. ಹುಂಜಕ್ಕೆ ಹೊರಬರುವ ಜನನಾಂಗ ಇಲ್ಲ, ಗಂಡು ಬಾತಿಗೆ ಇದೆ, ಅದೂ ಉದ್ದವಾದ ತಿರುಚಿದ ಅಂಗ. ಹೆಣ್ಣು ಬಾತಿನ ದೇಹ ಅದಕ್ಕೆ ತಕ್ಕಂತೆ ರೂಪುಗೊಂಡಿದೆ, ಹೇಂಟೆಯದು ಇಲ್ಲ. ಹೆಣ್ಣು ಬಾತುಗಳು ಸಾಲದೆ ಹೋದಾಗ ಗಂಡು ಬಾತು ಹೇಂಟೆಯ ಮೇಲೆ ಏರುತ್ತದೆ. ಒಳಗೆ ಗಾಯವಾಗಿ, ಕೀವಾಗಿ ಹೇಂಟೆ ಸಾಯಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಹೇಂಟೆ ಮಂಕಾಗಿ ಮೂಲೆ ಸೇರುತ್ತದೆ ಅಷ್ಟೇ, ಮನೆಯವರು ಯಾವುದೋ ರೋಗ ಎಂದುಕೊಳ್ಳುತ್ತಾರೆ. ಮಸ್ಕೊವಿ ಎಂಬ ಜಾತಿಯ ತೂಕದ ಗಂಡಿನಿಂದ ಅಪಾಯ ಇನ್ನೂ ಜಾಸ್ತಿ. ನಾನು ಕೇಳುವುದಿಷ್ಟೆ: ನಿಮಗೆ ಬಾತಿನ ಮರಿ ಬೇಕಾಗಿಲ್ಲವಾದರೆ ಗಂಡು ಬಾತು ತರಲೇಬೇಡಿ. ಗಂಡಿಲ್ಲದೆಯೂ ಹೆಣ್ಣು ಬಾತು ಅಷ್ಟೇ ಮೊಟ್ಟೆ ಇಡುತ್ತದೆ. ಮರಿ ಬೇಕೆಂದಾದರೆ 5 ಅಥವಾ 6 ಹೆಣ್ಣಿಗೆ ಒಂದೇ ಗಂಡು, ಅದೂ ಹೇಂಟೆಗಳ ತಂಟೆಗೆ ಹೋಗುತ್ತದೆಯೇ ಎಂದು ಮೊದಲ ಕೆಲವು ತಿಂಗಳು ಗಮನಿಸುತ್ತಲೇ ಇರಬೇಕು. ಹೋಗುತ್ತದೆ ಎಂದಾದರೆ ಅವತ್ತೇ ಬೇರೆ ಮಾಡಿ.

ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಪಳಗಿದವರ ಕೆಲಸ. ಎರಡು ತಿಂಗಳ ಹೊತ್ತಿಗೆ ದನಿಯಿಂದ ನಿಮಗೇ ಗೊತ್ತಾಗುತ್ತದೆ. ಜೋರಾಗಿ ಕ್ವಾಕ್ ಕ್ವಾಕ್ ಎಂದು ಕೂಗುವುದು ಹೆಣ್ಣು. ಗಂಡಿನ ದನಿ ಗಂಟಲು ಕಟ್ಟಿದ ಹಾಗೆ ಪಿಸುಗುಡುತ್ತದೆ. ಆಮೇಲೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಸುರುಳಿಯಾಗಿ ಮೇಲಕ್ಕೆ ತಿರುಗುತ್ತವೆ. ಮಸ್ಕೊವಿಗೆ ಈ ಗುರುತುಗಳು ನಡೆಯುವುದಿಲ್ಲ. ಅದು ದಕ್ಷಿಣ ಅಮೆರಿಕದ ಬೇರೆಯೇ ಜಾತಿ, ಅದರಲ್ಲಿ ಗಂಡು ಹೆಣ್ಣಿಗಿಂತ ತುಂಬಾ ದೊಡ್ಡದು.

ಆಹಾರದ ಬಗ್ಗೆ. ಬೆಳೆದ ಬಾತು ಮತ್ತು ಮೊಟ್ಟೆಯಿಡುವ ಕೋಳಿ ಒಂದೇ ಆಹಾರ ತಿನ್ನಬಹುದು, ದೊಡ್ಡ ತೊಡಕಿಲ್ಲ. ಬಾತಿಗೆ ಅದನ್ನು ನೀರು ಹಾಕಿ ಉದುರುದುರಾಗಿ ಕಲಸಿ ಕೊಡಿ, ಒಣ ಪುಡಿ ನುಂಗಲು ಅದಕ್ಕೆ ಕಷ್ಟ. ಕಲಸಿದ್ದು ಸಂಜೆವರೆಗೆ ಉಳಿದರೆ ಎಸೆಯಿರಿ. ಮರಿಗಳ ವಿಷಯ ಮಾತ್ರ ಬೇರೆ. ಬಾತಿನ ಮರಿಗೆ ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕೋಳಿಮರಿಗಿಂತ ಜಾಸ್ತಿ ಬೇಕು. ಒಂದು ಕಿಲೋ ಆಹಾರದಲ್ಲಿ ಕೋಳಿಮರಿಗೆ 35 ಮಿಲಿಗ್ರಾಂ ಆಸುಪಾಸು ಸಾಕು, ಬಾತಿನ ಮರಿಗೆ 55 ಬೇಕು. ಮೆಕ್ಕೆಜೋಳದಲ್ಲಿ ಇರುವ ನಯಾಸಿನ್ ಹೆಚ್ಚಿನಂಶ ಮೈಗೆ ಹತ್ತುವ ರೂಪದಲ್ಲಿಲ್ಲ. ಹಾಗಾಗಿ ಕೋಳಿಮರಿಯ ಆಹಾರವನ್ನೋ ಬರೀ ಮೆಕ್ಕೆಜೋಳದ ನುಚ್ಚನ್ನೋ ತಿಂದು ಬೆಳೆದ ಬಾತಿನ ಮರಿಯ ಕಾಲು ಸೊಟ್ಟಗಾಗುವುದುಂಟು. ಮೊಣಕಾಲ ಗಂಟು ಊದಿ, ಮರಿ ನಡೆಯದೆ ಕೂತುಬಿಡುತ್ತದೆ. ಬೇಗ ಹಿಡಿದರೆ ಸರಿಯಾಗುತ್ತದೆ, ತಡವಾದರೆ ಜನ್ಮಪೂರ್ತಿ ಕುಂಟು.

ಇದಕ್ಕೆ ಮದ್ದು ನಿಮ್ಮ ಅಕ್ಕಿ ಗಿರಣಿಯಲ್ಲೇ ಇದೆ. ತೌಡಿನಲ್ಲಿ ನಯಾಸಿನ್ ಚೆನ್ನಾಗಿದೆ. ಆದರೆ ತಾಜಾ ತೌಡು ಬೇಕು, ಕಮಟು ವಾಸನೆ ಬಂದದ್ದು ಬೇಡ. ಒಣಮೀನಿನ ಪುಡಿ ಸ್ವಲ್ಪ ಸೇರಿಸಬಹುದು. ಬ್ರೂವರ್ಸ್ ಯೀಸ್ಟ್, ಅಂದರೆ ಬಿಯರ್ ತಯಾರಿಕೆಯ ಜೀವವಿಲ್ಲದ ಒಣ ಯೀಸ್ಟ್ ಸಿಕ್ಕಿದರೆ ಕಿಲೋ ಆಹಾರಕ್ಕೆ 50 ಗ್ರಾಂನಂತೆ ಬೆರೆಸಿ. ಬ್ರೆಡ್ಡಿಗೆ ಹಾಕುವ ಜೀವಂತ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲಿ ಹುದುಗೇಳುತ್ತದೆ. ಮೊಟ್ಟೆಕೋಳಿಯ ಆಹಾರವನ್ನು ಯಾವ ಮರಿಗೂ ಕೊಡಬೇಡಿ, ಅದರಲ್ಲಿರುವ ಸುಣ್ಣದ ಅಂಶ ಮರಿಯ ಮೂತ್ರಪಿಂಡಕ್ಕೆ ಪೆಟ್ಟು. ಔಷಧ ಬೆರೆಸಿದ ಕೋಳಿಮರಿ ಆಹಾರವನ್ನು ಪಶುವೈದ್ಯರನ್ನು ಕೇಳದೆ ಬಾತಿನ ಮರಿಗೆ ಹಾಕಬೇಡಿ. ಬಾತಿನ ಮರಿ ಹೆಚ್ಚು ತಿನ್ನುತ್ತದೆ, ಔಷಧವೂ ಹೆಚ್ಚು ಒಳಗೆ ಹೋಗುತ್ತದೆ.

ಬೂಷ್ಟು ಹಿಡಿದ ಶೇಂಗಾ ಹಿಂಡಿ, ಬೂಷ್ಟು ಹಿಡಿದ ಜೋಳ, ಮಳೆಗಾಲದಲ್ಲಿ ಚೀಲದ ತಳದಲ್ಲಿ ಮುದ್ದೆಯಾದ ಯಾವುದೂ ಬಾತಿಗೆ ಬೇಡವೇ ಬೇಡ. ಆ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ವಿಷವನ್ನು ಕೋಳಿ ಒಂದಷ್ಟು ತಡೆಯಬಹುದು, ಬಾತು ತಡೆಯಲಾರದು. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತವು. ಬಾತಿನ ಮರಿಗಳೂ ಸತ್ತವು. ಅದರ ಕಾರಣ ಹುಡುಕುವಾಗಲೇ ಅಫ್ಲಾಟಾಕ್ಸಿನ್ ಸಿಕ್ಕಿತು. ಕೋಳಿಗೆ ಹಾಕೋಣ ಬಿಡು ಎಂದು ತೆಗೆದಿಟ್ಟ ಹಾಳು ಜೋಳವನ್ನು ಒಂದೇ ಹಿತ್ತಲಲ್ಲಿ ಬಾತೂ ತಿನ್ನುತ್ತದೆ ಎಂಬುದು ನೆನಪಿರಲಿ.

ಮೇವಿನ ವಿಷಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಡ್ಡಿಯಲ್ಲ. ಕೋಳಿ ಒಣ ತರಗೆಲೆ ಕೆದಕುತ್ತದೆ, ಗೆದ್ದಲು ಹುಡುಕುತ್ತದೆ. ಬಾತು ಕೆದಕುವುದಿಲ್ಲ, ಒದ್ದೆ ಮಣ್ಣಿನಲ್ಲಿ ಕೊಕ್ಕು ತೂರಿಸಿ ಸೋಸುತ್ತದೆ. ತೋಟದ ಬಸವನಹುಳು, ಗೊಣ್ಣೆಹುಳುಗಳಿಗೆ ಬಾತಿನಷ್ಟು ಒಳ್ಳೆಯ ಉಪಾಯ ಇಲ್ಲ. ಹಸುಗಳಿದ್ದರೆ ಇನ್ನೊಂದು ಲಾಭ ಇದೆ. ದನಗಳಿಗೆ ಯಕೃತ್ತಿನ ಚಪ್ಪಟೆ ಹುಳು ಬರುವುದು ನೀರಿನ ಬಸವನಹುಳುವಿನ ಮೂಲಕ. ಬಾತು ಆ ಬಸವನಹುಳುವನ್ನು ತಿಂದು ಕಡಿಮೆ ಮಾಡುತ್ತದೆ. ಸೊಪ್ಪು ತರಕಾರಿಯ ಮಡಿಗೆ ಮಾತ್ರ ಬೇಲಿ ಬೇಕು. ಬಸವನಹುಳುವಿಗೆ ವಿಷದ ಕಾಳು ಇಟ್ಟಿದ್ದರೆ ಆ ಕಡೆ ಎರಡನ್ನೂ ಬಿಡಬೇಡಿ.

ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆಳೆಸುವುದು ಬೇಡ. ಕೋಳಿಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು, ಬಾತಿನ ಮರಿಗೆ 30ರಿಂದ 32 ಸಾಕು. ಬಾತಿನ ಮರಿ ನೀರು ಚೆಲ್ಲಿ ಗೂಡೆಲ್ಲ ಒದ್ದೆ ಮಾಡುತ್ತದೆ, ಕೋಳಿಮರಿ ಚಳಿ ಹಿಡಿದು ಸಾಯುತ್ತದೆ. ಮೂರು ವಾರಕ್ಕೆ ಬಾತಿನ ಮರಿ ಎಷ್ಟು ದೊಡ್ಡದಾಗುತ್ತದೆ ಎಂದರೆ ಪಕ್ಕದ ಕೋಳಿಮರಿಯನ್ನು ಸುಮ್ನೆ ತುಳಿದೇ ಹಾಕುತ್ತದೆ.

ಕಾವಿಗೆ ಮಾತ್ರ ನಿಮ್ಮ ನಾಟಿ ಹೇಂಟೆ ಬಹಳ ಉಪಯೋಗಕ್ಕೆ ಬರುತ್ತದೆ. ಖಾಕಿ ಕ್ಯಾಂಪ್‌ಬೆಲ್ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗೆ 8ರಿಂದ 10 ಬಾತಿನ ಮೊಟ್ಟೆ ಇಡಬಹುದು. ಕೋಳಿ ಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನದಕ್ಕೆ 28 ದಿನ, ಮಸ್ಕೊವಿಗೆ 35. ಹಾಗಾಗಿ ಎರಡನ್ನೂ ಬೆರೆಸಿ ಇಡಬೇಡಿ. ಕೋಳಿಮರಿ ಹೊರಬಂದ ಕೂಡಲೇ ಹೇಂಟೆ ಎದ್ದು ಹೋಗುತ್ತದೆ, ಬಾತಿನ ಮೊಟ್ಟೆ ತಣ್ಣಗಾಗುತ್ತದೆ. ಹೇಂಟೆಗೆ ಒಂದು ವಾರ ಹೆಚ್ಚು ಕೂರಬೇಕಾಗುತ್ತದೆ, ಆದ್ದರಿಂದ ದಿನಾ ಎಬ್ಬಿಸಿ ಕಾಳು ನೀರು ಕೊಡಿ. ಹೀಗೆ ಹುಟ್ಟಿದ ಮರಿಗಳು ನೀರು ಕಂಡರೆ ಓಡುತ್ತವೆ. ತಾಯಿಬಾತಿನ ಮೈಯ ಎಣ್ಣೆ ಅವಕ್ಕೆ ಸಿಕ್ಕಿರುವುದಿಲ್ಲ, ಗರಿ ನೆನೆದು ಚಳಿ ಹಿಡಿಯುತ್ತದೆ. ಮೊದಲ ಕೆಲವು ವಾರ ಕುಡಿಯುವ ನೀರು ಮಾತ್ರ ಸಾಕು.

ಈಗ ನಿಜವಾದ ರೋಗಗಳಿಗೆ ಬರುತ್ತೇನೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಕೋಳಿಯನ್ನು ಗುಡಿಸಿ ಹಾಕುತ್ತದೆ. ಬಾತು ಆ ವೈರಸ್ಸನ್ನು ಹೊತ್ತುಕೊಂಡು ಏನೂ ಆಗದ ಹಾಗೆ ಓಡಾಡಿಕೊಂಡಿರಬಹುದು. ಹಾಗಾಗಿ ಬಾತು ತರುವ ಮುಂಚೆ ನಿಮ್ಮ ಕೋಳಿಗಳಿಗೆ ಲಸಿಕೆ ಆಗಿರಬೇಕು. ಮರಿಗೆ ಮೊದಲ ವಾರ ಕಣ್ಣಿಗೆ ಹನಿ, 8 ವಾರದ ಹೊತ್ತಿಗೆ ಚುಚ್ಚುಮದ್ದು. ಬಾತಿಗೆ ಬಾತಿನ ಪ್ಲೇಗ್ ಎಂಬ ಬೇರೆ ರೋಗ ಇದೆ. ಅದು ಕೋಳಿಗೆ ಬರುವುದಿಲ್ಲ, ಅದರ ಲಸಿಕೆಯನ್ನು 8 ವಾರ ದಾಟಿದ ಮೇಲೆ ಕೊಡುತ್ತಾರೆ. ಹಕ್ಕಿಗಳ ಕಾಲರಾ ಮಾತ್ರ ಎರಡಕ್ಕೂ ಬರುತ್ತದೆ. ಹೊಸದಾಗಿ ತಂದ ಯಾವ ಹಕ್ಕಿಯನ್ನೂ ಮೂರು ವಾರ ದೂರದಲ್ಲಿ ಇಟ್ಟು ನೋಡಿ. ಮೊದಲು ಕೋಳಿಗೆ ಕಾಳು ಹಾಕಿ, ಆಮೇಲೆ ಹೊಸ ಬಾತುಗಳ ಹತ್ತಿರ ಹೋಗಿ. ಹಿಂದುಮುಂದಾಗಬಾರದು.

ಹಕ್ಕಿಜ್ವರದ ವಿಷಯದಲ್ಲಿ ನೆಂಟರ ಭಯ ಪೂರ್ತಿ ಸರಿ. ಕಾಡುಬಾತುಗಳಿಂದ ಸಾಕುಬಾತಿಗೆ, ಅಲ್ಲಿಂದ ಕೋಳಿಗೆ ಅದು ದಾಟುತ್ತದೆ. ಕೆಲವು ಸಲ ಬಾತು ಆರೋಗ್ಯವಾಗಿ ಕಾಣುತ್ತಲೇ ವೈರಸ್ ಹರಡುತ್ತಿರುತ್ತದೆ. 2014ರ ನವೆಂಬರಿನಲ್ಲಿ ಕೇರಳದ ಆಲಪ್ಪುಳ ಕಡೆ ಗದ್ದೆಗಳಲ್ಲಿ ಸಾಕಿದ ಬಾತುಗಳಲ್ಲೇ ಅದು ಕಾಣಿಸಿತು. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆಗಳಲ್ಲಿ, 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಕೋಳಿಗಳಿಗೆ ಬಂದಿತ್ತು. ಈ ದೃಷ್ಟಿಯಿಂದ ಹತ್ತಿರ ಕೆರೆ ಇಲ್ಲದಿರುವುದು ನಿಮಗೆ ಅನುಕೂಲವೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳು ಇಳಿಯುವ ನೀರಿಗೆ ಬಾತು ಬಿಡಬಾರದು. ಒಮ್ಮೆಲೇ ಹಲವು ಹಕ್ಕಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ತಿನ್ನಬೇಡಿ, ಮಾರಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಮುಚ್ಚಿಟ್ಟರೆ ಊರಿನ ಕೋಳಿಗಳೆಲ್ಲ ಹೋಗುತ್ತವೆ, ಮನುಷ್ಯರಿಗೂ ಅಪಾಯ.

ಇನ್ನೊಂದು ಸಣ್ಣ ಮಾತು, ಆದರೆ ಹೊಸಬರು ಎಲ್ಲರೂ ಎಡವುವುದು ಇಲ್ಲೇ. ಕೋಳಿಯನ್ನು ಕಾಲು ಹಿಡಿದು ಎತ್ತುವ ಹಾಗೆ ಬಾತನ್ನು ಎತ್ತಬೇಡಿ. ಅದರ ಕಾಲು ತುಂಬಾ ನಾಜೂಕು, ಕೀಲು ತಪ್ಪುತ್ತದೆ. ಎರಡೂ ಕೈಯಿಂದ ರೆಕ್ಕೆ ಸಮೇತ ಮೈ ತಬ್ಬಿ ಎತ್ತಿ. ಬಾತಿನ ಮೊಟ್ಟೆಯನ್ನು ಹಸಿಯಾಗಿ, ಅರೆಬೆಂದಂತೆ ತಿನ್ನಬೇಡಿ. ಕೊಳಕಿನಲ್ಲಿ ಬಿದ್ದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಪೂರ್ತಿ ಬೇಯಿಸಿ.

ತಳಿ ಯಾವುದು ಎಂದರೆ, ಮೊಟ್ಟೆಗಾದರೆ ಖಾಕಿ ಕ್ಯಾಂಪ್‌ಬೆಲ್. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರಿಂದ 300 ಮೊಟ್ಟೆವರೆಗೂ ಇಡುವ ತಳಿ ಅದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಈ ತಳಿಯನ್ನೂ ಬಿಳಿ ಪೆಕಿನ್ನನ್ನೂ ಬೆಳೆಸುತ್ತಾ ಬಂದಿದೆ. ಮರಿ ಲಭ್ಯವಿದೆಯೇ ಎಂದು ವಿಚಾರಿಸಿ, ಮುಂಗಡ ಹೇಳಿಟ್ಟು ಹೋಗಿ. ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಬೆಳೆದ ಬಾತು ಬೇಡ, ಅದು ಎಲ್ಲಿಂದ ಬಂದದ್ದು ಯಾರಿಗೂ ಗೊತ್ತಿರುವುದಿಲ್ಲ. ಮಳೆಗಾಲ ಕಳೆದು ಅಕ್ಟೋಬರ್ ಕೊನೆಗೆ ತನ್ನಿ. ಬಾತು ಒಂದು ಒಣ ಋತು ನಿಮ್ಮ ಹಿತ್ತಲಿಗೆ ಹೊಂದಿಕೊಳ್ಳಲಿ, ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೀವೂ ನೋಡಿಕೊಳ್ಳಿ. ಕಾಲುವೆ, ಜಲ್ಲಿ, ಗೂಡಿನ ಮಾಡು ಏನೇ ಬದಲಾಯಿಸುವುದಿದ್ದರೂ ಮೇ ತಿಂಗಳೊಳಗೆ ಮುಗಿಸಿ.